ಲಿಫ್ಟ್ ಏನು ಮಾಡಿತು?

ದೂರಿನ ಫಾರಂನ ಮೊದಲ ಪ್ರಶ್ನೆಯೇ ಅದು: ಲಿಫ್ಟ್ ಏನು ಮಾಡಿತು? ಕೆಳಗೆ ಹದಿನಾಲ್ಕು ಇಂಗ್ಲಿಷ್ ಕ್ರಿಯಾಪದಗಳು. ಅವುಗಳಲ್ಲಿ ಒಂದನ್ನು, ಒಂದನ್ನೇ, ಆರಿಸಬೇಕು. ಆರಿಸದಿದ್ದರೆ ಕಂಪ್ಯೂಟರಿನಲ್ಲಿ ಮುಂದಿನ ಪುಟ ತೆರೆಯುವುದಿಲ್ಲ.

ಪಟ್ಟಿಯ ತಲೆಯಲ್ಲಿದ್ದದ್ದು ‘ಮೂವ್’. ಚಲಿಸಿತು. ಅದರ ಕೆಳಗೆ ಡ್ರಾಪ್, ಸ್ಲಿಪ್, ಸಿಂಕ್, ಕ್ರೀಪ್, ಜರ್ಕ್, ಡ್ರಿಫ್ಟ್, ಹೀಗೆ. ‘ಮೂವ್’ ಎಂದರೆ ಲಿಫ್ಟ್ ಕಂಪನಿಯವರು ತಿಂಗಳ ಭೇಟಿಗೆ ಬಂದಾಗ ಒಮ್ಮೆ ನೋಡಿ ಹೋಗುತ್ತಾರೆ. ಉಳಿದ ಹದಿಮೂರರಲ್ಲಿ ಯಾವುದನ್ನು ಒತ್ತಿದರೂ ಅದೇ ದಿನ ಬಂದು, ಕರೆಂಟು ತೆಗೆದು, ಬಾಗಿಲಿಗೆ ಸೀಲು ಹಾಕಿ, ರಿಪೇರಿ ಮುಗಿಯುವವರೆಗೆ ಲಿಫ್ಟನ್ನು ನಿಲ್ಲಿಸಿಬಿಡುತ್ತಾರೆ. ಕರಾರಿನಲ್ಲಿದ್ದ ನಿಯಮ ಅದು. ಹಾಗಾಗಿ ನಮ್ಮ ಕಟ್ಟಡದಲ್ಲಿ ಲಿಫ್ಟ್ ಓಡುವುದೂ ನಿಲ್ಲುವುದೂ ಫಾರಂ ತುಂಬುವವರು ಬೆರಳಿಡುವ ಪದದ ಮೇಲಿತ್ತು. ತುಂಬುವವಳು ನಾನು.

ಕಟ್ಟಡ ಹಳೆಯದು, ಏಳು ಮಹಡಿ. ಕೆಳಗೆ ಔಷಧಿ ಅಂಗಡಿ, ಕನ್ನಡಕದ ಅಂಗಡಿ. ಮೇಲೆ ವಕೀಲರು, ಹಲ್ಲಿನ ಡಾಕ್ಟರು, ಒಂದು ಟೈಪಿಂಗ್ ಕ್ಲಾಸು. ಐದನೇ ಮಹಡಿ ಪೂರ್ತಿ ಡಯಾಲಿಸಿಸ್ ಕೇಂದ್ರ. ವಾರಕ್ಕೆ ಮೂರು ಸಲ ಬಂದು ನಾಲ್ಕು ಗಂಟೆ ಮಲಗಿ, ರಕ್ತವನ್ನು ಯಂತ್ರದಲ್ಲಿ ತೊಳೆಸಿಕೊಂಡು ಹೋಗುವ ಮೂವತ್ತೊಂದು ಜನ. ನಿರ್ವಹಣೆ ಕಚೇರಿ ಎಂದು ಬೋರ್ಡು ಹಾಕಿದ್ದ ನನ್ನ ಜಾಗ ಮೆಟ್ಟಿಲಿನ ಹೊಟ್ಟೆಯ ಕೆಳಗಿತ್ತು. ಎದ್ದು ನಿಲ್ಲುವಾಗ ತಲೆ ನೋಡಿಕೊಳ್ಳಬೇಕು. ಕುಳಿತಲ್ಲಿಂದ ಎದುರಿಗೇ ಲಿಫ್ಟಿನ ಬಾಗಿಲು.

ಲಿಫ್ಟ್ ನಡೆಸುತ್ತಿದ್ದವನು ನನ್ನ ಸೋದರಮಾವ. ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನೂ ನನ್ನನ್ನೂ ತನ್ನ ಎರಡು ಕೋಣೆಯ ಮನೆಗೆ ಕರೆತಂದು, ನನ್ನನ್ನು ಕಾಲೇಜು ಓದಿಸಿದವನು. ಇಪ್ಪತ್ತೆಂಟು ವರ್ಷದಿಂದ ಅದೇ ಪೆಟ್ಟಿಗೆಯಲ್ಲಿ, ಅದೇ ಮರದ ಸ್ಟೂಲಿನ ಮೇಲೆ ಕುಳಿತು, ಹಿತ್ತಾಳೆಯ ಹಿಡಿ ತಿರುಗಿಸಿ ಜನರನ್ನು ಹತ್ತಿಸಿ ಇಳಿಸಿದ್ದ. ಯಾಕೆ ಮದುವೆಯಾಗಲಿಲ್ಲ ಎಂದು ಯಾರಾದರೂ ಕೆಣಕಿದರೆ, ಹಗಲೆಲ್ಲ ಮುದುಕಿ ಜೊತೆ ಸಂಸಾರ ಮಾಡಿ ಸಾಕಾಗಿದೆ ಅನ್ನುತ್ತಿದ್ದ. ಮುದುಕಿ ಎಂದರೆ ಲಿಫ್ಟ್.

ಬೆಳಿಗ್ಗೆ ಹನ್ನೊಂದಕ್ಕೆ ಟೀ ಹಿಡಿದು ನನ್ನ ಮೇಜಿಗೆ ಒರಗಿ ಮುದುಕಿಯ ಯೋಗಕ್ಷೇಮ ಹೇಳುವುದು ಅವನ ರೂಢಿ. ಎರಡರಿಂದ ಮೂರಕ್ಕೆ ಏದುಸಿರು ಬಿಟ್ಟುಕೊಂಡು ಹತ್ತಿದಳು. ಆರರಲ್ಲಿ ಎಡವಿದಳು. ಇಳಿಯುವಾಗ ಮಾತ್ರ ಹದಿನಾರರ ಹುಡುಗಿ ಥರ ಜಾರಿಕೊಂಡು ಬಂದಳು. ಅವನು ಎಲ್ಲವನ್ನೂ ಅಂಗಾಲಿನಲ್ಲಿ ತಿಳಿಯುತ್ತಿದ್ದ. ಚಪ್ಪಲಿ ಬಿಟ್ಟು ನಿಂತರೆ ಮಹಡಿ ಯಾವುದು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ. ಇಷ್ಟೆಲ್ಲ ಕೇಳಿಸಿಕೊಂಡು ನಾನು ದಿನಚರಿ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ‘ಲಿಫ್ಟ್ ರನ್ನಿಂಗ್’ ಎಂದು ಬರೆಯುತ್ತಿದ್ದೆ.

“ನಾನು ಹೇಳಿದ್ದು ಒಂದು ಮಾರು, ನೀನು ಬರೆದಿದ್ದು ಒಂದು ಗೇಣೂ ಇಲ್ವಲ್ಲೇ, ಡಿಕ್ಷನರಿ,” ಎಂದು ನಗುತ್ತಿದ್ದ. ನನಗೆ ಅವನಿಟ್ಟ ಹೆಸರು ಅದು.

ನಾನೂ ಈ ವಿಷಯ ಯೋಚಿಸುತ್ತಿದ್ದೆ. ನಮ್ಮ ಮಾತಿನಲ್ಲಿ ಚಲನೆಗೆ ಸಾಮಾನ್ಯವಾಗಿ ಎರಡು ತುಂಡು. ಜಾರಿಕೊಂಡು ಬಂತು, ತೆವಳುತ್ತಾ ಹೋಯಿತು, ಮುಗ್ಗರಿಸಿ ನಿಂತಿತು. ಬಂತು, ಹೋಯಿತು ಎನ್ನುವುದು ದಾರಿಯನ್ನು ಹೇಳುತ್ತದೆ. ಅದರ ಹಿಂದೆ ಇರುವ ಮಾತು ರೀತಿಯನ್ನು ಹೇಳುತ್ತದೆ. ಇಂಗ್ಲಿಷಿನಲ್ಲಿ ರೀತಿಯೆಲ್ಲ ಒಂದೇ ಪದದ ಹೊಟ್ಟೆಯಲ್ಲಿರುತ್ತದೆ. ಕ್ರೀಪ್ ಎಂದರೆ ನಿಧಾನ, ಸದ್ದಿಲ್ಲ, ಯಾರೂ ಹೇಳಿಲ್ಲ. ಡ್ರಿಫ್ಟ್ ಎಂದರೆ ಹಿಡಿಯುವವರೇ ಇಲ್ಲ. ಜರ್ಕ್ ಎಂದರೆ ಒಮ್ಮೆಗೇ ಎಳೆದು ಬಿಟ್ಟದ್ದು. ಸ್ಲಿಪ್ ಎಂದರೆ ಹಿಡಿದಿರಬೇಕಾದದ್ದು ಹಿಡಿತ ಬಿಟ್ಟಿದೆ. ಇಂಥ ಪದಗಳು ಕಾರಣವನ್ನೂ ಜೊತೆಗೇ ಹೊತ್ತು ತರುತ್ತವೆ, ಮೆಕ್ಯಾನಿಕ್ಕು ಪದ ಓದಿದ ಕೂಡಲೇ ಯಾವ ಭಾಗ ಬಿಚ್ಚಬೇಕೆಂದು ತಿಳಿಯುತ್ತಾನೆ. ಮೂವ್ ಏನನ್ನೂ ಹೊತ್ತು ತರುವುದಿಲ್ಲ. ಜಾರಿದ್ದೂ ಚಲಿಸಿದ್ದೇ, ಕುಸಿದದ್ದೂ ಚಲಿಸಿದ್ದೇ. ಹಾಗಾಗಿ ಚಲಿಸಿತು ಎಂದು ಬರೆದವರನ್ನು ಸುಳ್ಳು ಹೇಳಿದಿರಿ ಎಂದು ಹಿಡಿಯಲು ಬರುವುದಿಲ್ಲ. ಅದೇ ಅದರ ಅನುಕೂಲ.

ಹಿಂದಿನ ವರ್ಷ ನಾನು ಆ ಅನುಕೂಲವನ್ನು ಬಳಸಿರಲಿಲ್ಲ. ಟೈಪಿಂಗ್ ಕ್ಲಾಸಿನ ಇಬ್ಬರು ಹೆಂಗಸರು ಲಿಫ್ಟಿನಿಂದ ಬೆವತು ಓಡಿಬಂದು, ಬಿತ್ತು, ಲಿಫ್ಟ್ ಬಿದ್ದೇಬಿಟ್ಟಿತು ಎಂದರು. ಆ ದಿನ ಮಾಮ ಜ್ವರದಿಂದ ಮಲಗಿದ್ದ, ಕೇಳಲು ಅವನಿರಲಿಲ್ಲ. ನಾನು ‘ಡ್ರಾಪ್’ ಒತ್ತಿದೆ. ಕಂಪನಿಯವರು ಬಂದು ಸೀಲು ಹಾಕಿದರು. ಒಂಬತ್ತು ದಿನ ಬಿಚ್ಚಿ ನೋಡಿದರೂ ಸವೆದ ಒಂದು ರಬ್ಬರು ತುಂಡು ಬಿಟ್ಟು ಏನೂ ಸಿಗಲಿಲ್ಲ. ಆ ಒಂಬತ್ತು ದಿನ ಡಯಾಲಿಸಿಸ್ಸಿನವರು ಮೆಟ್ಟಿಲು ಹತ್ತಿದರು. ಅವರು ಕುಳಿತು ಸುಧಾರಿಸಿಕೊಳ್ಳಲಿ ಎಂದು ಮೂರನೇ ಮಹಡಿಯ ತಿರುವಿನಲ್ಲಿ ನಾನೇ ಒಂದು ಕುರ್ಚಿ ಹಾಕಿಸಿದ್ದೆ. ಏಳನೇ ದಿನ ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಆ ಕುರ್ಚಿಯಲ್ಲಿ ಕುಳಿತವರು ಏಳಲಿಲ್ಲ.

ಯಾರೂ ನನ್ನನ್ನು ಬೈಯಲಿಲ್ಲ. ಕಟ್ಟಡದ ಮ್ಯಾನೇಜರು ಮಾತ್ರ, ಇನ್ನು ಮುಂದೆ ಪದ ನೋಡಿ ಹಾಕಮ್ಮ ಎಂದಿದ್ದರು.

ಈ ವರ್ಷ ಒಂದು ಸೋಮವಾರ ಮಾಮ ಟೀ ತರದೆ ಬಂದ. ಒರಗಲೂ ಇಲ್ಲ.

“ನಿಲ್ಲಿಸಿದ್ರೂ ನಿಲ್ತಿಲ್ಲ ಕಣೇ ಅವಳು,” ಎಂದ.

ಬಾ ತೋರಿಸುತ್ತೇನೆ ಎಂದು ಐದನೇ ಮಹಡಿಗೆ ಕರೆದುಕೊಂಡು ಹೋದ. ಬಾಗಿಲು ತೆರೆದು, ಹಿಡಿಯಿಂದ ಕೈ ತೆಗೆದು, ಎರಡೂ ಕೈಯನ್ನು ಹಿಂದಕ್ಕೆ ಕಟ್ಟಿ ನಿಂತ. ಕೆಳಗೆ ನೋಡು ಎಂದ. ಲಿಫ್ಟಿನ ಹೊಸಿಲಿಗೊಂದು ಹಿತ್ತಾಳೆ ಪಟ್ಟಿ, ಮಹಡಿಯ ಹೊಸಿಲಿಗೊಂದು. ಎರಡೂ ಒಂದೇ ಮಟ್ಟದಲ್ಲಿದ್ದವು. ನಾನು ನೋಡುತ್ತ ನಿಂತೆ. ಪಕ್ಕದ ಕೋಣೆಯಿಂದ ಡಯಾಲಿಸಿಸ್ ಯಂತ್ರಗಳ ಟಿಕ್ ಟಿಕ್ ಕೇಳುತ್ತಿತ್ತು. ಏನೂ ಆಗುತ್ತಿಲ್ಲ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ನಮ್ಮ ಕಡೆಯ ಪಟ್ಟಿಯ ಅಂಚು ಕೊಂಚ ಹೊಳೆಯಿತು. ಇಷ್ಟು ಹೊತ್ತು ಕಾಣದ ಅಂಚು ಅದು. ನಾವು ಮೇಲಕ್ಕೆ ಹೋಗುತ್ತಿದ್ದೆವು. ಸದ್ದಿಲ್ಲ, ಅಲುಗಾಟವಿಲ್ಲ. ಒಂದು ಬೆರಳಿನಷ್ಟು ಹೋಗಿ ನಿಂತಿತು.

ಎಂಟು ಜನ ಇದ್ದಾಗ ಇದೇ ಲಿಫ್ಟ್ ಕೆಳಕ್ಕೆ ಇಳಿಯುತ್ತದೆ ಎಂದ. ಯಾಕೆಂದು ಕೇಳಿದೆ. ಹಗ್ಗದ ಈ ತುದಿಗೆ ಪೆಟ್ಟಿಗೆ, ಆ ತುದಿಗೆ ಗೋಡೆಯೊಳಗೆ ಕಬ್ಬಿಣದ ಭಾರ, ತಕ್ಕಡಿ ಇದ್ದ ಹಾಗೆ. ಪೆಟ್ಟಿಗೆ ಅರ್ಧ ತುಂಬಿದರೆ ಎರಡೂ ಸರಿಸಮ. ಜನ ಹೆಚ್ಚಾದರೆ ಪೆಟ್ಟಿಗೆ ಭಾರ, ಕಡಿಮೆಯಾದರೆ ಕಬ್ಬಿಣ ಭಾರ. ನಿಂತಾಗ ಎರಡನ್ನೂ ಹಿಡಿದಿರುವುದು ತಾರಸಿಯ ಮೇಲಿನ ಬ್ರೇಕು ಒಂದೇ. ಅದು ಮುಷ್ಟಿ ಸಡಿಲಿಸುತ್ತಿದೆ.

ಹಾಗಾದರೆ ಪದ ಸ್ಲಿಪ್. ಅನುಮಾನವೇ ಇರಲಿಲ್ಲ. ಕೆಳಗೆ ಬಂದು ಫಾರಂ ತೆರೆದು ‘ಸ್ಲಿಪ್’ ಮೇಲೆ ಬಾಣ ತಂದಿಟ್ಟೆ. ತಂದಿಟ್ಟು ಕುಳಿತೆ. ಮೂರನೇ ಮಹಡಿಯ ಕುರ್ಚಿ ಕಣ್ಣ ಮುಂದಿತ್ತು.

ಅಷ್ಟರಲ್ಲಿ ಮ್ಯಾನೇಜರು ಬಂದು ಹಿಂದೆ ನಿಂತರು. ಕೆಟ್ಟವರಲ್ಲ ಅವರು, ಮೇಷ್ಟ್ರನ್ನು ಕುರ್ಚಿಯಿಂದ ಎತ್ತಿ ಇಳಿಸಿದವರಲ್ಲಿ ಅವರೂ ಒಬ್ಬರು. ಎಷ್ಟು ಸರಿಯಿತು ಎಂದು ಕೇಳಿದರು. ಒಂದು ಬೆರಳು ಎಂದೆ. ತಿಂಗಳ ಭೇಟಿಗೆ ಇನ್ನು ಹತ್ತೊಂಬತ್ತೇ ದಿನ ಇದೆ, ಮೂವತ್ತೊಂದು ಜನರನ್ನು ಮೆಟ್ಟಿಲಿಗೆ ನೂಕಬೇಕಾ ಎಂದರು.

“ಒಂದು ಬೆರಳು ಚಲಿಸಿದೆ. ಚಲಿಸಿದೆ ಅಂತಲೇ ಹಾಕಿ. ಅದರಲ್ಲಿ ಸುಳ್ಳೇನಿದೆ ಹೇಳಿ?”

ಸುಳ್ಳೇನೂ ಇರಲಿಲ್ಲ. ನಾನು ‘ಮೂವ್’ ಒತ್ತಿದೆ. ಷರಾ ಬರೆಯುವ ಜಾಗದಲ್ಲಿ ಸ್ವಲ್ಪ ಎಂಬುದನ್ನೂ ಸೇರಿಸಿದೆ, ಯಾರೂ ಕೇಳದಿದ್ದರೂ.

ಸಂಜೆ ಮನೆಗೆ ನಡೆಯುವಾಗ ಏನು ಬರೆದೆ ಎಂದು ಮಾಮ ಕೇಳಿದ. ಹೇಳಿದೆ. ಒಂದು ಗೇಣಿನ ಮಾತನ್ನು ಅವನು ತೆಗೆಯಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, ಆಗಲಿ, ಹತ್ತೊಂಬತ್ತು ದಿನ ನಾನು ನೋಡ್ಕೋತೀನಿ ಎಂದ.

ನೋಡಿಕೊಳ್ಳುವುದಕ್ಕೆ ಅವನೊಂದು ಪದ್ಧತಿ ಹೂಡಿದ. ಲಿಫ್ಟಿನಲ್ಲಿ ತನ್ನನ್ನು ಬಿಟ್ಟು ಯಾವಾಗಲೂ ನಾಲ್ಕು ಜನ, ಆಗ ತಕ್ಕಡಿ ಸರಿಸಮ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನಾಲ್ವರು ಸೇರುವ ತನಕ ಹೊರಡುವುದಿಲ್ಲ. ಐದನೇ ಮಹಡಿಯಲ್ಲಿ ಒಬ್ಬರು ಇಳಿದರೆ ಅಲ್ಲಿಂದ ಒಬ್ಬರು ಹತ್ತಬೇಕು, ಆಮೇಲೆ ಇನ್ನೊಬ್ಬರು ಇಳಿಯಬೇಕು. ಗಾಲಿಕುರ್ಚಿ ಇದ್ದರೆ ಮೊದಲು ಅದು ಹೊರಗೆ, ಮಿಕ್ಕವರು ಅಲ್ಲಾಡದೆ ನಿಂತಿರಬೇಕು. ರೋಗಿಗಳ ಜೊತೆ ಬಂದವರಿಗೆ ಇದು ಎರಡು ದಿನದಲ್ಲಿ ಅಭ್ಯಾಸವಾಯಿತು. ಮುದುಕಿಗೆ ನಾಲ್ಕು ಜನ ಬೇಕಂತೆ ಎಂದು ಔಷಧಿ ಅಂಗಡಿಯವನು ಹಾಸ್ಯ ಮಾಡಿದರೆ, ಕೊನೆಗೆ ನಿನಗೂ ನಾಲ್ಕೇ ಜನ ಬೇಕಾಗೋದು ತಗೋ ಎಂದು ಮಾಮ ತಿರುಗಿಸಿ ಕೊಟ್ಟ. ಎಲ್ಲರೂ ನಕ್ಕರು. ನಾನು ಆ ನಗುವನ್ನು ದಿನವಿಡೀ ಲೆಕ್ಕ ಹಾಕುತ್ತ ಕುಳಿತೆ: ಯಾರು ಎಷ್ಟು ಹೊತ್ತು ನಕ್ಕರು, ಮಾಮ ಯಾವಾಗ ನಿಲ್ಲಿಸಿದ.

ದಿನಕ್ಕೆರಡು ಸಲ ಐದನೇ ಮಹಡಿಗೆ ಹತ್ತಿ ಹೋಗಿ ಹೊಸಿಲು ನೋಡಿ ಬರುತ್ತಿದ್ದೆ. ಎಂಟನೇ ದಿನಕ್ಕೆ ಅಂತರ ಎರಡು ಬೆರಳಾಯಿತು. ಹತ್ತನೇ ದಿನ, ನಾಲ್ವರು ಸರಿಯಾಗಿ ನಿಂತಿದ್ದರೂ, ಮೂರು. ಅಂದು ಒಬ್ಬ ಅಜ್ಜಿ ಇಳಿಯುವಾಗ ಕಾಲು ತಾಗಿ ಮಾಮನ ತೋಳಿಗೆ ಜೋತುಬಿದ್ದರು. ಅವನು ಅವರನ್ನು ನಗಿಸಿಯೇ ಕಳಿಸಿದ. ಆದರೆ ಬಾಗಿಲು ಹಾಕುವ ಮುಂಚೆ ಜಾಲರಿಯ ಆಚೆಯಿಂದ ನನ್ನನ್ನು ನೋಡಿದ ನೋಟದಲ್ಲಿ ನಗುವಿನ ಸುಳಿವೂ ಇರಲಿಲ್ಲ.

ಮನೆಯಲ್ಲಿ ಅವನು ಚಪ್ಪಲಿ ಹಾಕಿಕೊಂಡೇ ಓಡಾಡತೊಡಗಿದ್ದ. ಅಮ್ಮ ಕೇಳಿದ್ದಕ್ಕೆ, ಬರಿಗಾಲಲ್ಲಿ ನಿಂತ್ರೆ ಮನೆ ನೆಲವೂ ಸರಿದಂಗಾಗ್ತದೆ ಅಕ್ಕ ಎಂದನಂತೆ. ಅಮ್ಮ ಅದನ್ನು ನನಗೆ ತಮಾಷೆ ಎಂದು ಹೇಳಿದಳು.

ಹನ್ನೊಂದನೇ ದಿನ ಬೆಳಿಗ್ಗೆ ಯಾರನ್ನೂ ಕೇಳದೆ ಹೊಸ ದೂರು ತೆರೆದು ‘ಸ್ಲಿಪ್’ ಒತ್ತಿದೆ. ಇಷ್ಟು ದಿನದ ಮೇಲೆ ಎದೆ ಸ್ವಲ್ಪ ಹಗುರಾಯಿತು. ಸೀಲು ಬೀಳುತ್ತದೆ, ಮತ್ತೆ ಮೆಟ್ಟಿಲು, ಮತ್ತೆ ಕುರ್ಚಿ. ಆದರೂ ಮಾಮ ಹೊರಗಿರುತ್ತಾನೆ. ಯಾರನ್ನು ಉಳಿಸಿ ಯಾರನ್ನು ನೂಕುತ್ತಿದ್ದೇನೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಒತ್ತಿದ್ದೆ.

ಯಾರೂ ಬರಲಿಲ್ಲ. ಮಧ್ಯಾಹ್ನ ಮೂರಕ್ಕೆ ಉತ್ತರ ಬಂತು. ಈ ಲಿಫ್ಟಿನ ಬಗ್ಗೆ ಇದೇ ತಿಂಗಳು ಒಂದು ದೂರು ದಾಖಲಾಗಿದೆ, ವರ್ಗ ಮೂವ್. ನಿಮ್ಮ ಹೊಸ ದೂರನ್ನು ಅದಕ್ಕೆ ಸೇರಿಸಲಾಗಿದೆ. ಭೇಟಿ ನಿಗದಿತ ದಿನವೇ. ಫೋನ್ ಮಾಡಿದೆ. ಎತ್ತಿದ ಹೆಂಗಸು ಬಹಳ ವಿನಯದಿಂದ ಮಾತಾಡಿದಳು. ಎರಡೂ ಬೇರೆ ಎಂದು ನಾನು ಮೂರು ಸಲ ಹೇಳಿದೆ.

“ಸ್ಲಿಪ್ ಆಗೋದೂ ಒಂಥರಾ ಮೂವ್ ಆಗೋದೇ ಅಲ್ವಾ ಮೇಡಂ? ಅದರೊಳಗೇ ಬರುತ್ತೆ ಇದು. ಮೊದಲನೇ ಸಲ ನೀವೇ ಆ ಪದ ಕೊಟ್ಟಿದ್ದೀರಿ.”

ಫೋನ್ ಇಟ್ಟೆ. ಅವಳು ಹೇಳಿದ್ದು ಸರಿಯಾಗಿತ್ತು. ದೊಡ್ಡ ಪದ ಬಾಯಿ ತೆರೆದು ಚಿಕ್ಕದನ್ನು ನುಂಗಿ, ಏನೂ ಆಗದ ಹಾಗೆ ಕುಳಿತಿತ್ತು. ಅದರ ಬಾಯಿ ತೆರೆದುಕೊಟ್ಟವಳು ನಾನೇ.

ಮ್ಯಾನೇಜರು ಹೊರಗೆ ಹೋಗಿದ್ದರು. ಕಾಯಬಾರದು ಎನ್ನಿಸಿತು. ಲಿಫ್ಟ್ ಕೆಟ್ಟಿದೆ ಎಂದು ದಪ್ಪ ಅಕ್ಷರದಲ್ಲಿ ಬರೆದ ರಟ್ಟು ಬೀರುವಿನ ಮೇಲಿತ್ತು. ಅದನ್ನು ತೆಗೆದು ಕೆಳಗಿನ ಬಾಗಿಲಿಗೆ ನೇತುಹಾಕಿದೆ. ಲಿಫ್ಟ್ ಮೇಲೆ ಹೋಗಿತ್ತು. ನಾನು ಮೆಟ್ಟಿಲು ಹಿಡಿದೆ. ಎರಡನೇ ಮಹಡಿ ದಾಟುವಾಗ ಗೋಡೆಯೊಳಗೆ ಹಗ್ಗ ಉಜ್ಜುವ ಸದ್ದು ನಿಂತಿತು. ಜಾಲರಿ ಬಾಗಿಲು ಸರಿಸಿದ್ದು ಕೇಳಿತು. ಆಮೇಲೆ ನಾನು ಓಡಿದೆ.

ಐದನೇ ಮಹಡಿ ತಲುಪಿದಾಗ ಉಸಿರು ಎದೆಗೆ ಸಿಗುತ್ತಿರಲಿಲ್ಲ. ಬಾಗಿಲು ತೆರೆದಿತ್ತು. ಒಳಗೆ ಮಾಮ, ಗಾಲಿಕುರ್ಚಿಯಲ್ಲಿ ಒಬ್ಬ ಹೆಂಗಸು, ಆಕೆಯ ಮಗ, ಮತ್ತಿಬ್ಬರು. ಹೊರಗೆ, ಹತ್ತಬೇಕಾದ ನಾಲ್ವರು ಸಾಲಾಗಿ ನಿಂತಿದ್ದರು. ಮಾಮ ಕುರ್ಚಿಯ ಹಿಡಿಯನ್ನು ಹಿಂದಿನಿಂದ ಹಿಡಿದು ಮುಂದಿನ ಗಾಲಿಯನ್ನು ಹೊಸಿಲ ಮೇಲೆ ತಂದಿದ್ದ. ಎಲ್ಲವೂ ಅವನ ಪದ್ಧತಿಯಂತೆ ನಡೆಯುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡು ಒಂದು ನಿಮಿಷ ನಿಂತಿದ್ದರೆ ಸಾಕಿತ್ತು.

“ಹೊರಗೆ ಬನ್ನಿ ಎಲ್ಲರೂ,” ಎಂದು ಕೂಗಿದೆ. “ಯಾರೂ ಹತ್ತಬೇಡಿ.”

ಹತ್ತುವವರನ್ನು ತಡೆಯಲು ಎರಡೂ ಕೈ ಚಾಚಿ ಅವರ ಮುಂದೆ ಅಡ್ಡ ನಿಂತೆ. ನನ್ನ ಮುಖದಲ್ಲಿ ಏನಿತ್ತೋ, ಒಳಗಿದ್ದ ಮೂವರೂ ಕುರ್ಚಿಯ ಪಕ್ಕದಿಂದ ಒಬ್ಬರ ಹಿಂದೊಬ್ಬರು ನುಗ್ಗಿ ಹೊರಬಂದರು. ಬೇಡ, ನಿಲ್ಲಿ ಎಂದು ಮಾಮ ಹೇಳಿದ್ದು ಕೇಳಿಸಿತು. ಜೋರಾಗಿ ಕೂಡ ಹೇಳಲಿಲ್ಲ ಅವನು. ಅಷ್ಟರಲ್ಲಿ ಅವನ ಕಾಲಿಗೆ ಗೊತ್ತಾಗಿತ್ತು.

ಮೊದಲು ತೆವಳಿತು. ಹಿತ್ತಾಳೆ ಪಟ್ಟಿ ಒಂದು ಬೆರಳು, ಎರಡು ಬೆರಳು, ಒಂದು ಅಂಗೈಯಷ್ಟು ಮೇಲೆದ್ದಿತು. ಕುರ್ಚಿಯ ಹಿಂದಿನ ಗಾಲಿಗಳು ಅದರ ಜೊತೆ ಎದ್ದವು, ಮುಂದಿನವು ನಮ್ಮ ಕಡೆಯೇ ಇದ್ದವು. ಕುರ್ಚಿ ಬಾಗಿತು. ಮಾಮ ಅದನ್ನು ಪೂರ್ತಿ ಬಲ ಹಾಕಿ ನಮ್ಮತ್ತ ನೂಕಿದ. ಹೆಂಗಸು ಮುಗ್ಗರಿಸಿ ಮಗನ ಮೇಲೂ ನನ್ನ ಮೇಲೂ ಬಿದ್ದರು, ಕುರ್ಚಿ ಪಕ್ಕಕ್ಕೆ ಉರುಳಿತು. ನಾನು ತಲೆ ಎತ್ತಿದಾಗ ಅವನ ಪಾದಗಳು ನನ್ನ ಎದೆಯ ಮಟ್ಟದಲ್ಲಿದ್ದವು. ಬಲಗಾಲು ಅಂಚಿನಾಚೆಗೆ ಬಂದಿತ್ತು, ಹಾರಲು. ಅವನು ಕೆಳಗೆ ನೋಡಿದ. ಪೆಟ್ಟಿಗೆಗೂ ನಮ್ಮ ಹೊಸಿಲಿಗೂ ನಡುವೆ ಐದು ಮಹಡಿಯ ಕತ್ತಲೆ ತೆರೆದಿತ್ತು. ಕಾಲನ್ನು ಹಿಂದಕ್ಕೆ ಎಳೆದುಕೊಂಡ.

“ಬಾಗಿಲಿಂದ ದೂರ ಹೋಗಿ,” ಎಂದ. ಯಾವಾಗಲೂ ಜನರಿಗೆ ಹೇಳುವ ಹಾಗೆಯೇ.

ಆಮೇಲೆ ಅದು ತೆವಳಲಿಲ್ಲ. ಒಂದು ಸಲ ಹಗ್ಗ ಸುಯ್ ಎಂದಿತು. ಅವನ ಕೈ ಹಿಡಿದಿದ್ದ ಜಾಲರಿ, ಮೊಣಕಾಲು, ಪಾದ, ಎಲ್ಲ ಮೇಲಕ್ಕೆ ಜಾರಿ ಮಾಯವಾದವು. ಲಿಫ್ಟಿನ ತಳ ಕಾಣಿಸಿತು, ಎಣ್ಣೆ ಮೆತ್ತಿದ ಕಪ್ಪು ಮರ. ಅದೂ ಹೋಯಿತು. ತೆರೆದ ಬಾಗಿಲಿನೊಳಗೆ ಇಟ್ಟಿಗೆ ಗೋಡೆ ಮಾತ್ರ ಉಳಿಯಿತು. ಸದ್ದು ಮೇಲಿನಿಂದ ಬರುತ್ತದೆಂದು ಕಾಯುತ್ತಿದ್ದೆವು. ಅದು ಬಂದದ್ದು ಕೆಳಗಿನಿಂದ, ಪಾತಾಳದಿಂದ ಬಂದಂತೆ: ಕಬ್ಬಿಣದ ಭಾರ ಗುಂಡಿಯ ತಳಕ್ಕೆ ಅಪ್ಪಳಿಸಿತ್ತು. ಕಾಲಡಿಯ ನೆಲ ನಡುಗಿತು. ಒಂದು ಕ್ಷಣ ಬಿಟ್ಟು ಮೇಲೆ ಇನ್ನೊಂದು ಸದ್ದು ಕೇಳಿತು. ಅದು ಅಷ್ಟು ದೊಡ್ಡದಿರಲಿಲ್ಲ, ಮೆತ್ತಗಿತ್ತು.

ಮಾಮ ಎಂದು ಕೂಗಿದೆ.

ಅಗ್ನಿಶಾಮಕದವರು ನಲವತ್ತು ನಿಮಿಷದ ಮೇಲೆ ಅವನನ್ನು ಪೆಟ್ಟಿಗೆಯ ಛಾವಣಿ ಕಿಂಡಿಯಿಂದ ಹೊರಗೆ ತೆಗೆದರು. ಲಿಫ್ಟ್ ತುದಿಯಲ್ಲಿ ನಿಂತ ರಭಸಕ್ಕೆ ಅವನು ಛಾವಣಿಗೆ ಬಡಿದು ಕೆಳಕ್ಕೆ ಬಿದ್ದಿದ್ದ. ಜೀವ ಇತ್ತು. ಸೊಂಟದ ಮೂಳೆ ಬಿರುಕುಬಿಟ್ಟಿತ್ತು. ಬಲಗಾಲಿನ ಹಿಮ್ಮಡಿ ಪುಡಿಯಾಗಿತ್ತು. ಸ್ಟ್ರೆಚರಿನಲ್ಲಿ ಏಳು ಮಹಡಿ ಮೆಟ್ಟಿಲು ಇಳಿಸಿದರು. ನಾನು ಪಕ್ಕದಲ್ಲೇ ಇಳಿದೆ. ಅವನು ಎಚ್ಚರವಿದ್ದರೂ ನನ್ನ ಕಡೆ ತಿರುಗಲಿಲ್ಲ. ಮೂರನೇ ಮಹಡಿಯ ತಿರುವಿನಲ್ಲಿ ಮಾತ್ರ, ಕುರ್ಚಿಯವರು ಹೇಗಿದಾರೆ ಎಂದು ಕೇಳಿದ. ಏನೂ ಆಗಿಲ್ಲ ಎಂದೆ. ಕಣ್ಣು ಮುಚ್ಚಿದ.

ಇಪ್ಪತ್ತು ದಿನದ ಮೇಲೆ ಮ್ಯಾನೇಜರು ಮನೆಗೆ ಬಂದರು. ಅಮ್ಮ ಕುರ್ಚಿ ಒರೆಸಿ ಕೊಟ್ಟಳು. ಮಾಮ ಮಂಚದ ಮೇಲೆ ಕಾಲನ್ನು ದಿಂಬಿಗೇರಿಸಿ ಮಲಗಿದ್ದ. ಆ ಹೊತ್ತಿಗೆ ಅವನು ನನ್ನ ಜೊತೆ ಮಾತಾಡುತ್ತಿದ್ದ, ನೀರು ಕೊಡು, ಕಿಟಕಿ ಹಾಕು ಎಂಬಷ್ಟು. ಆ ಕೂಗಿನ ವಿಷಯ ಅವನೂ ಎತ್ತಿರಲಿಲ್ಲ, ನಾನೂ ಎತ್ತಿರಲಿಲ್ಲ. ಮ್ಯಾನೇಜರು ಬಹಳ ಹೊತ್ತು ಬೇರೆ ಬೇರೆ ಮಾತಾಡಿ ಕೊನೆಗೆ ಚೀಲದಿಂದ ಕಂಪನಿಯ ವರದಿ ತೆಗೆದರು. ಇಂಗ್ಲಿಷಿನಲ್ಲಿ ಎರಡು ಪುಟ. ಆಪರೇಟರಾಗಿ ಮಾಮ, ಸಾಕ್ಷಿಯಾಗಿ ನಾನು, ಸಹಿ ಹಾಕಬೇಕಿತ್ತು.

ಏನು ಬರೆದಿದೆ ಓದು ಎಂದು ಮಾಮ ಹೇಳಿದ. ದಿನಾಂಕ, ಸಮಯ, ಮಹಡಿ ಎಲ್ಲ ಓದಿದೆ. ಆಮೇಲೆ ಏನಾಯಿತು ಎನ್ನುವ ಜಾಗಕ್ಕೆ ಬಂದೆ. ಅಲ್ಲಿ ಒಂದೇ ವಾಕ್ಯ ಇತ್ತು.

“ಲಿಫ್ಟ್ ಚಲಿಸಿತು, ಅಂತ ಬರೆದಿದಾರೆ.”

ಮಾಮ ಮೇಲಕ್ಕೆ ನೋಡುತ್ತಿದ್ದ.

“ಲಿಫ್ಟ್ ಇರೋದೇ ಅದಕ್ಕಲ್ವಾ,” ಎಂದ.

ಮ್ಯಾನೇಜರು ನಕ್ಕರು. ನಾವು ನಗಲಿಲ್ಲವೆಂದು ತಿಳಿದಾಗ ನಿಲ್ಲಿಸಿದರು. ಬ್ರೇಕು ಹೊಸದು ಹಾಕಿದರಾ ಎಂದು ಮಾಮ ಕೇಳಿದ. ವರದಿಯ ಎರಡನೇ ಪುಟದಲ್ಲಿ ಅದಿತ್ತು. ಮೂವ್ ವರ್ಗದ ದೂರಿಗೆ ಭಾಗಗಳ ಬದಲಾವಣೆ ಇರುವುದಿಲ್ಲ, ಹೊಂದಾಣಿಕೆ ಮಾತ್ರ. ಬ್ರೇಕಿನ ತಿರುಪು ಬಿಗಿ ಮಾಡಿದ್ದರು. ಜಾರಿತು ಎಂದು ಬರೆದರೆ ಬ್ರೇಕು ತೆಗೆಯಬೇಕಾಗುತ್ತದೆ, ಹಳೇ ಮಾದರಿ, ಸಾಮಾನು ಬರಲು ನಾಲ್ಕು ತಿಂಗಳು ಎಂದರು ಮ್ಯಾನೇಜರು. ಅವರ ದನಿಯಲ್ಲಿ ಜೋರಿರಲಿಲ್ಲ. ಬೇಡಿಕೊಳ್ಳುವ ಹಾಗಿತ್ತು.

ನಾನು ಸಹಿ ಹಾಕುವುದಿಲ್ಲ ಎಂದೆ. ಆದದ್ದನ್ನು ನಾನೇ ಬರೆಯುತ್ತೇನೆ: ಜಾರಿತು, ಆಮೇಲೆ ನಾನು ಕೂಗಿದೆ, ಆಮೇಲೆ ಓಡಿತು. ನನ್ನ ಕೂಗನ್ನೂ ಬರೆಯುತ್ತೇನೆ ಎಂದೆ. ಮಾಮ ಆಗ ಮೊದಲ ಸಲ ನನ್ನ ಕಡೆ ತಿರುಗಿದ. ಮತ್ತೆ ಮುಖ ತಿರುಗಿಸಿಕೊಳ್ಳಲಿಲ್ಲ.

ಮ್ಯಾನೇಜರು ಕಾಗದವನ್ನು ನಿಧಾನವಾಗಿ ಮಡಚಿದರು. ಎರಡು ಸಹಿ ಇದ್ದರೆ ಸಾಕಂತೆ, ಎರಡೂ ಆಗಲೇ ಇದ್ದವು. ಒಂದು, ಆ ದಿನ ಲಿಫ್ಟಿನಲ್ಲಿದ್ದ ಯಾರದೋ. ಇನ್ನೊಂದು ಗಾಲಿಕುರ್ಚಿಯ ಹೆಂಗಸಿನ ಮಗನದು. ಇಪ್ಪತ್ತು ದಿನದಿಂದ ಅವನು ತಾಯಿಯನ್ನು ಕುರ್ಚಿ ಸಮೇತ ಹೊತ್ತು ಐದು ಮಹಡಿ ಹತ್ತುತ್ತಿದ್ದ, ವಾರಕ್ಕೆ ಮೂರು ಸಲ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ. ಬರಲಿಲ್ಲ.

ಹೊರಡುವಾಗ ಬಾಗಿಲ ಬಳಿ ನಿಂತು, ಇನ್ನೊಂದು ಮಾತು ಎಂದರು. ಒಳಗೆ ಗುಂಡಿ ಒತ್ತುವ ಹಲಗೆ ಹಾಕಿದ್ದಾರೆ, ಇನ್ನು ಆಪರೇಟರು ಬೇಕಿಲ್ಲ. ಮಾಮನಿಗೆ ಹೇಗೂ ನಿಲ್ಲಲು ಆಗುವುದಿಲ್ಲವಲ್ಲ, ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು ಎಂದರು.

ನಾನು ನನ್ನ ವರದಿಯನ್ನು ಬರೆದು ರಿಜಿಸ್ಟರ್ ಪೋಸ್ಟಿನಲ್ಲಿ ಕಂಪನಿಗೂ, ಸರ್ಕಾರದ ಲಿಫ್ಟ್ ಇನ್ಸ್‌ಪೆಕ್ಟರಿಗೂ ಕಳಿಸಿದೆ. ತಲುಪಿದೆ ಎಂಬ ಚೀಟಿಗಳು ಬಂದವು.

ಸೋಮವಾರ ಲಿಫ್ಟ್ ಮತ್ತೆ ಶುರುವಾಯಿತು. ಬಾಗಿಲ ಮೇಲೆ ಮಹಡಿ ತೋರಿಸುವ ಹೊಸ ದೀಪ, ಕೆಂಪು ಅಂಕಿ. ಸ್ಟೂಲು ಇರಲಿಲ್ಲ. ಒಂಬತ್ತು ಗಂಟೆಗೆ ಡಯಾಲಿಸಿಸ್ಸಿನವರು ಬರತೊಡಗಿದರು. ಎಣಿಸುವವರಿಲ್ಲ, ಏಳು ಜನ ಒಟ್ಟಿಗೆ ಹತ್ತಿದರು, ಎಂಟನೆಯವರು ತಮ್ಮ ಚೀಲವನ್ನು ಎದೆಗೊತ್ತಿಕೊಂಡು ತೂರಿಕೊಂಡರು. ಒಳಗಿನಿಂದ ಯಾರೋ, ಪರವಾಗಿಲ್ಲ ಬನ್ನಿ, ಜಾಗ ಇದೆ ಎಂದರು. ನಾನು ಎದ್ದು ನಾಲ್ಕೇ ಜನ ಎಂದೆ. ಅವರು ನನ್ನನ್ನು ಗುರುತು ಹಿಡಿದರು. ಒಬ್ಬರು ಗುಂಡಿ ಒತ್ತಿದರು, ಬಾಗಿಲು ಮುಚ್ಚಿತು.

ಎರಡು. ಮೂರು. ನಾಲ್ಕು. ಅಂಕಿಗಳು ಸಮನಾಗಿ ಬದಲಾದವು. ಐದು ಬಂದು ನಿಂತಿತು.

ನಾನು ಮೇಜಿಗೆ ಕೀಲಿ ಹಾಕಿ, ಹೊಸಿಲು ನೋಡಲು ಮೆಟ್ಟಿಲು ಹತ್ತತೊಡಗಿದೆ.